ಆಮಪಕ್ವವಿವೇಕವೂ ಶ್ರವಣಾತೀತ ಧ್ವನಿಯೂ

ಸುಶ್ರುತಸಂಹಿತೆಯ ಸೂತ್ರಸ್ಥಾನದ 17ನೆಯ ಅಧ್ಯಾಯಕ್ಕೆ ಆಮಪಕ್ವೈಷಣೀಯವೆಂದು ಹೆಸರು. ಮೈಮೇಲೆ ಎದ್ದ ಬಾವು ಇನ್ನೂ ಕಾಯಾಗಿದೆಯೋ, ಮಾಗುತ್ತಿದೆಯೋ, ಹಣ್ಣಾಗಿದೆಯೋ ಎಂಬುದನ್ನು ಅರಿಯುವ ಬಗೆಯೇ ಅದರ ವಿಷಯವು. ಕಾವ್ಯಾಲಂಕಾರಗಳನ್ನು ಓದಿದವರು ಈ ಅಧ್ಯಾಯವನ್ನು ವೈದ್ಯರಿಗೆ ಬಿಟ್ಟಿರುವರು. ವೈದ್ಯವಿದ್ಯಾರ್ಥಿಗಳಾದರೋ ಇದನ್ನು ಕಂಠಸ್ಥವಾಗಿಸಿಕೊಂಡು ಮುಂದಕ್ಕೆ ನಡೆಯುವರು. ಇದನ್ನು ಗ್ರಂಥವೆಂದು ಓದುವುದು, ಎಂದರೆ ಪ್ರತಿಯೊಂದು ಪದವೂ ಯಾವ ಕಾಣ್ಕೆಗೆ ಕಟ್ಟುಬಿದ್ದಿದೆ, ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸಡಿಲಿದೆ ಎಂದು ವಿಚಾರಿಸುವುದು, ವಿರಳವಾಗಿಯೇ ನಡೆದಿದೆ. ಚರ್ಮದಲ್ಲಿಯೂ ಅದರ ಕೆಳಗಣ ಮೃದುಮಾಂಸದಲ್ಲಿಯೂ ಹುಟ್ಟುವ ಶೋಥರೋಗಗಳನ್ನು ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸಿ, ಚಿಕಿತ್ಸೆ ನಡೆಯುತ್ತಿರುವಾಗಲೂ ಮತ್ತೆ ಮತ್ತೆ ನೋಡುವ ಪದ್ಧತಿ ಈಗ ಬೆಳೆದಿರುವುದರಿಂದ ಆ ವಿಚಾರಕ್ಕೆ ಒಳ್ಳೆಯ ಅವಕಾಶವೊದಗಿದೆ. ಅಲ್ಟ್ರಾಸೌಂಡ್, ಸೋನೋಗ್ರಫಿ, ಸ್ಕ್ಯಾನಿಂಗ್ ಎಂದು ಲೋಕದಲ್ಲಿ ಕರೆಯುವುದು ಇದನ್ನೇ.

ಇಂತಹ ಪ್ರಸಂಗದಲ್ಲಿ ಎರಡು ಪಕ್ಷಗಳು ಮುಂದೆ ಬರುವುವು. ಹೊಸ ಯಂತ್ರದಲ್ಲಿರುವುದೆಲ್ಲವೂ ಹಳೆಯ ಸಂಹಿತೆಯಲ್ಲಿ ಅಡಗಿತ್ತೆಂದು ಒಂದು ಪಕ್ಷವು ಹೇಳುವುದು. ಯಂತ್ರವು ಬಂದಮೇಲೆ ಸಂಹಿತೆಯು ಕೇವಲ ಚರಿತ್ರೆಯ ವಸ್ತುವಾಯಿತೆಂದು ಇನ್ನೊಂದು ಪಕ್ಷವು ಹೇಳುವುದು. ಎರಡೂ ಪಕ್ಷಗಳು ಗ್ರಂಥವನ್ನು ಓದದೆಯೇ ತೀರ್ಪು ಕೊಡುತ್ತವೆ. ಗ್ರಂಥವನ್ನು ಓದಿದರೆ ಮೂರನೆಯದೊಂದು ಮಾತು ಹೊರಡುವುದು: ಸುಶ್ರುತನು ತನ್ನ ಬೆರಳಿಗೂ ಕಣ್ಣಿಗೂ ನಿಲುಕದ ಸ್ಥಳವೊಂದನ್ನು ಸ್ಪಷ್ಟವಾಗಿ ಗುರುತಿಸಿದ್ದಾನೆ, ಶ್ರವಣಾತೀತ ಧ್ವನಿಯು ಕೆಲಸಮಾಡುವುದು ಸರಿಯಾಗಿ ಆ ಸ್ಥಳದಲ್ಲಿಯೇ.

ಮೊದಲು ಲಕ್ಷಣವಾಕ್ಯವನ್ನು ನೋಡತಕ್ಕದ್ದು. ಶೋಫವೆಂದರೂ ಶೋಥವೆಂದರೂ ಒಂದೇ. ಅದು ಅಗಲವಾಗಿಯೋ ಗಂಟುಗಂಟಾಗಿಯೋ, ಸಮವಾಗಿಯೋ ವಿಷಮವಾಗಿಯೋ, ಚರ್ಮ ಮಾಂಸಗಳನ್ನು ಆಶ್ರಯಿಸಿ, ಶರೀರದ ಒಂದು ಭಾಗದಲ್ಲಿ ಎದ್ದ ದೋಷಸಂಘಾತವೆಂಬುದು ಅದರ ತಾತ್ಪರ್ಯ. ಚರ್ಮ ಮಾಂಸಗಳೆಂಬ ಆಶ್ರಯವನ್ನೂ ಏಕದೇಶವೆಂಬ ಮಿತಿಯನ್ನೂ ಹೇಳಿದುದರಿಂದ ಮೈಯೆಲ್ಲ ನೀರು ತುಂಬಿಕೊಳ್ಳುವ ಸರ್ವಾಂಗಶೋಫವು ಇಲ್ಲಿಗೆ ಸೇರದು. ಇಂದಿನ ವೈದ್ಯರು ಚರ್ಮ ಮತ್ತು ಮೃದು ಅಂಗಾಂಶದ ಶೋಥವೆಂದು ವಿಂಗಡಿಸುವ ವರ್ಗಕ್ಕೆ ಇದು ಬಹು ಹತ್ತಿರವಾದ ಲಕ್ಷಣವಾಗಿದೆ.

ಅನಂತರ ಮೂರು ಅವಸ್ಥೆಗಳು. ಆಮದಲ್ಲಿ ಬಿಸಿ ಅಲ್ಪ, ಚರ್ಮದ ಬಣ್ಣ ಮಾರ್ಪಡದು, ಬಾವು ತಣ್ಣಗೆ ಗಟ್ಟಿಯಾಗಿರುವುದು, ನೋವೂ ಅಲ್ಪ. ಪಚ್ಯಮಾನದಲ್ಲಿ ಸೂಜಿಯಿಂದ ಚುಚ್ಚಿದಂತೆ, ಇರುವೆ ಕಚ್ಚಿದಂತೆ, ಚೇಳು ಕುಟುಕಿದಂತೆ ನಾನಾ ವೇದನೆಗಳು. ಕುಳಿತರೂ ಮಲಗಿದರೂ ಶಾಂತಿಯಿಲ್ಲ. ಜ್ವರ, ಬಾಯಾರಿಕೆ, ಅರುಚಿ ಕೂಡಿಬರುವುವು. ಪಕ್ವದಲ್ಲಿ ನೋವು ಇಳಿಯುವುದು, ಬಣ್ಣ ಬಿಳಿಚುವುದು, ಚರ್ಮ ಸುಕ್ಕಾಗಿ ಸುಲಿಯುವುದು, ಬೆರಳಿಂದ ಒತ್ತಿದರೆ ತಗ್ಗಾಗಿ ಮತ್ತೆ ಮೇಲೇಳುವುದು. ಇವೆಲ್ಲವುಗಳ ನಡುವೆ ಒಂದು ಪರೀಕ್ಷೆಯು ಬೇರೆಯಾಗಿ ಎದ್ದು ನಿಲ್ಲುತ್ತದೆ. ಚರ್ಮದ ಚೀಲದಲ್ಲಿ ತುಂಬಿದ ನೀರಿನಂತೆ, ಒಂದು ತುದಿಯನ್ನು ಒತ್ತಿದರೆ ಕೀವು ಇನ್ನೊಂದು ತುದಿಗೆ ಸರಿಯುವುದೆಂದು ಗ್ರಂಥವು ಹೇಳುವುದು. ಉಳಿದ ಚಿಹ್ನೆಗಳು ರೋಗಿಯ ಅನುಭವವನ್ನಾಗಲಿ ಚರ್ಮದ ಹೊರಮೈಯನ್ನಾಗಲಿ ಹೇಳುತ್ತವೆ. ಇದೊಂದು ಮಾತ್ರ ಒಳಗಿರುವ ವಸ್ತುವಿನ ಸ್ವಭಾವವನ್ನು, ಅದು ದ್ರವವಾಗಿದೆಯೆಂಬುದನ್ನು, ನೇರವಾಗಿ ಕೇಳುತ್ತದೆ.

ಈ ವಿವೇಕಕ್ಕೆ ಗ್ರಂಥಕಾರನು ಕೊಟ್ಟ ಬೆಲೆಯನ್ನು ಗಮನಿಸಬೇಕು. ಕಾಯಾದುದನ್ನು ತಿಳಿಯದೆ ಕೊಯ್ಯುವವನನ್ನೂ ಹಣ್ಣಾದುದನ್ನು ಕಡೆಗಣಿಸುವವನನ್ನೂ ಅವನು ಒಂದೇ ಸಾಲಿನಲ್ಲಿ ನಿಲ್ಲಿಸಿ ನಿಂದಿಸುತ್ತಾನೆ. ಕಾಯನ್ನು ಕೊಯ್ದರೆ ಮಾಂಸ, ಸಿರೆ, ಸ್ನಾಯುಗಳು ಕೆಟ್ಟು ರಕ್ತವು ಹರಿಯುವುದು. ಹಣ್ಣನ್ನು ಬಿಟ್ಟರೆ ಹೊರದಾರಿ ಕಾಣದ ಕೀವು ಒಣಹುಲ್ಲಿಗೆ ಹತ್ತಿದ ಬೆಂಕಿಯಂತೆ ಒಳಗೊಳಗೇ ತಿಂದುಕೊಂಡು ಹೋಗಿ ನಾಳವನ್ನು ಕೊರೆಯುವುದು. ತಪ್ಪು ಎರಡು ಕಡೆಗೂ ಆಗಬಹುದು, ಎರಡೂ ಸಮಾನವಾಗಿ ಘೋರವೆಂಬ ಈ ನಿಲುವೇ ಅಧ್ಯಾಯದ ಪ್ರಾಣ.

ಇಷ್ಟು ಹೇಳಿದವನು ಒಡನೆಯೇ ಒಂದು ಅಪವಾದವನ್ನು ಒಪ್ಪುವನು. ಕಫಜವಾದ ಶೋಫಗಳಲ್ಲಿ ಆಳದ ಗತಿಯಿರುವುದರಿಂದಲೂ, ಪೆಟ್ಟಿನಿಂದಾದ ಕೆಲವುಗಳಲ್ಲಿಯೂ, ಪಕ್ವಲಕ್ಷಣವು ಪೂರ್ಣವಾಗಿ ತೋರದು. ಆಗ ವೈದ್ಯನು ಹಣ್ಣಾದುದನ್ನು ಕಾಯೆಂದು ತಿಳಿದು ಮೋಹಹೊಂದುವನು. ಅಲ್ಲಿ ಚರ್ಮದ ಬಣ್ಣ ಬದಲಾಗಿರದು, ಬಾವು ತಣ್ಣಗಿರುವುದು, ದಪ್ಪವಾಗಿರುವುದು, ನೋವು ಅಲ್ಪ, ಮುಟ್ಟಿದರೆ ಕಲ್ಲಿನಂತೆ ಗಟ್ಟಿ; ಆದರೂ ಮೋಹಕ್ಕೆ ಒಳಗಾಗಬಾರದೆಂಬುದು ವಿಧಿ.

ವಿಮರ್ಶಕನು ನಿಲ್ಲಬೇಕಾದ ಸ್ಥಳವಿದು. ಆಳದಲ್ಲಿ ಅಡಗಿದ ಪಕ್ವಶೋಫಕ್ಕೆ ಹೇಳಿದ ಈ ಚಿಹ್ನೆಗಳನ್ನು ಆಮಶೋಫದ ಚಿಹ್ನೆಗಳೊಡನೆ ಹೋಲಿಸಿದರೆ ಬಣ್ಣ ಬದಲಾಗದಿರುವುದು, ತಂಪು, ನೋವಿನ ಅಲ್ಪತೆ, ಗಟ್ಟಿತನ ಈ ನಾಲ್ಕೂ ಎರಡೂ ಕಡೆ ಕಾಣುವುವು. ಹೇತುವು ಪಕ್ಷದಲ್ಲಿಯೂ ವಿಪಕ್ಷದಲ್ಲಿಯೂ ಸಮಾನವಾಗಿದ್ದರೆ ಅದರಿಂದ ನಿರ್ಣಯವಾಗದೆಂಬುದು ತರ್ಕವನ್ನೋದಿದ ಎಳೆಯರಿಗೂ ಗೊತ್ತು. ಅದಕ್ಕೆ ಸಾಧಾರಣ ಅನೈಕಾಂತಿಕವೆಂದು ಹೆಸರು. ಮೋಹಗೊಳ್ಳಬೇಡವೆಂದು ವಿಧಿಸಿದವನು ಮೋಹವನ್ನು ಕಳೆಯುವ ಹೇತುವನ್ನು ಅಲ್ಲಿ ಕೊಟ್ಟಿಲ್ಲ. ಉಳಿಯುವುದು ಕಾಲವೊಂದೇ: ಶೋಫವು ಪಚ್ಯಮಾನದ ವೇದನೆಗಳನ್ನು ದಾಟಿ ಬಂದಿದೆಯೇ ಎಂದು ರೋಗಿಯ ಬಾಯಿಂದ ಕೇಳಿ ತಿಳಿಯುವುದು. ಇದು ಗ್ರಂಥದ ದೋಷವೆಂದು ಹೇಳಿ ಮುಗಿಸುವುದು ನ್ಯಾಯವಲ್ಲ. ತನ್ನ ಸಾಧನವು ಎಲ್ಲಿ ಸೋಲುವುದೆಂದು ಹೆಸರಿಸಿ ಹೇಳಿದ ಶಾಸ್ತ್ರಕಾರನು ಮುಂದಿನವರಿಗೆ ಪ್ರಶ್ನೆಯನ್ನು ಸರಿಯಾದ ರೂಪದಲ್ಲಿ ಒಪ್ಪಿಸಿರುತ್ತಾನೆ.

ಆ ಪ್ರಶ್ನೆಗೆ ಉತ್ತರವು ಬಂದ ದಾರಿ ದೀರ್ಘವಾದುದು. ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡರು. ವಿದ್ಯುತ್ತನ್ನು ಕೊಟ್ಟರೆ ಅವು ಕಂಪಿಸುವುವೆಂಬುದು ಇದರ ಮರುಮುಖ. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳ ಮೇಲಣ ಧ್ವನಿಯನ್ನು ಕೇಳದು. ಅದಕ್ಕೆ ಮೀರಿದುದೇ ಶ್ರವಣಾತೀತ. ಇಂತಹ ಧ್ವನಿಯ ತರಂಗಗಳು ಬೆಳಕನ್ನು ಚದರಿಸುವ ಬಗೆಯನ್ನು ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥರು ಬೆಂಗಳೂರಿನಲ್ಲಿದ್ದು 1935–36ರ ಲೇಖನಗಳಲ್ಲಿ ವಿವರಿಸಿದುದು ಈ ವಿದ್ಯೆಯ ಚರಿತ್ರೆಯಲ್ಲಿ ಕನ್ನಡನಾಡಿಗೆ ಸಂದ ಒಂದು ಸ್ಥಾನ. 1958ರಲ್ಲಿ ಸ್ಕಾಟ್‌ಲೆಂಡಿನ ಇಯಾನ್ ಡೊನಾಲ್ಡನೂ ಅವನ ಜೊತೆಯವರೂ ಉದರರೋಗಗಳಲ್ಲಿ ಇದರ ಉಪಯೋಗವನ್ನು ಪ್ರಕಟಿಸಿದರು. 1979ರಲ್ಲಿ ಅಲೆಗ್ಸಾಂಡರ್ ಮತ್ತು ಮಿಲ್ಲರ್ ಎಂಬವರು ಚರ್ಮದ ದಪ್ಪವನ್ನು ಇದರಿಂದ ಅಳೆದರು.

ಕ್ರಮವು ಸರಳವಾಗಿದೆ. ಚರ್ಮದ ಮೇಲೆ ಲೇಪವನ್ನು ಹಚ್ಚಿ ಸಲಕರಣೆಯನ್ನು ಇಟ್ಟರೆ ಧ್ವನಿಯು ಒಳಹೊಕ್ಕು, ಒಂದು ಧಾತುವಿನಿಂದ ಇನ್ನೊಂದಕ್ಕೆ ದಾಟುವ ಎಲ್ಲೆಯಲ್ಲಿ ಸ್ವಲ್ಪ ಹಿಂದಿರುಗುವುದು. ಮೃದುಮಾಂಸದಲ್ಲಿ ಧ್ವನಿಯ ವೇಗವು ಸೆಕೆಂಡಿಗೆ 1540 ಮೀಟರೆಂದು ಹಿಡಿದು, ಪ್ರತಿಧ್ವನಿ ಬರಲು ಹಿಡಿದ ಕಾಲದಿಂದ ಆಳವನ್ನು ಯಂತ್ರವು ಲೆಕ್ಕಿಸಿ ಚಿತ್ರವಾಗಿ ಬರೆಯುವುದು. ಸೆಕೆಂಡಿಗೆ ಒಂದೂವರೆ ಕೋಟಿ ಕಂಪನಗಳ ಧ್ವನಿಯಾದರೆ ತರಂಗದ ಉದ್ದವು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಮಾತ್ರ. ಆದಕಾರಣ ಚರ್ಮದ ಸೂಕ್ಷ್ಮ ಪದರಗಳು ಬೇರೆಬೇರೆಯಾಗಿ ತೋರುವುವು. ಕಂಪನಗಳು ಹೆಚ್ಚಿದಷ್ಟೂ ಚಿತ್ರವು ಸೂಕ್ಷ್ಮವಾಗುವುದು, ಆದರೆ ಧ್ವನಿಯು ಆಳಕ್ಕೆ ಇಳಿಯದು. ಡಾಪ್ಲರ್ ವಿಧಾನವು ಇದಕ್ಕೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಶಕ್ತಿಯನ್ನು ಕೂಡಿಸುವುದು.

ಹೀಗೆ ನೋಡಿದಾಗ ಹರಡುವ ಶೋಥದಲ್ಲಿ, ಎಂದರೆ ಸೆಲ್ಯುಲೈಟಿಸಿನಲ್ಲಿ, ಚರ್ಮವು ದಪ್ಪವಾಗಿ, ಕೆಳಗಣ ಕೊಬ್ಬಿನ ತುಣುಕುಗಳ ನಡುವೆ ದ್ರವವು ಸೇರಿ, ನೆಲಕ್ಕೆ ಹಾಸಿದ ಗುಂಡುಕಲ್ಲುಗಳಂತೆ ಕಾಣುವುದು. ಕೀವು ಕೂಡಿದ ವಿದ್ರಧಿಯಲ್ಲಿ ಅಕ್ರಮವಾದ ಅಂಚುಳ್ಳ ಕಪ್ಪು ಕುಳಿಯೂ, ಅದರ ಹಿಂದೆ ಹೆಚ್ಚಿದ ಹೊಳಪೂ, ಅಂಚಿನಲ್ಲಿ ರಕ್ತದ ಹರಿವೂ ಕಾಣುವುವು, ಕುಳಿಯೊಳಗೆ ಹರಿವಿಲ್ಲ. ಕೀವು ಮಂದವಾಗಿದ್ದರೆ ಕುಳಿಯು ಕಪ್ಪಾಗಿ ತೋರದೆ ಸುತ್ತಣ ಮಾಂಸದಂತೆಯೇ ತೋರಬಹುದು. ಆಗ ಪರೀಕ್ಷಕನು ಸಲಕರಣೆಯಿಂದ ಮೆಲ್ಲನೆ ಒತ್ತುತ್ತಾನೆ. ದ್ರವವಿದ್ದರೆ ಅದು ತೆರೆಯ ಮೇಲೆ ಸುಳಿಸುಳಿಯಾಗಿ ಸರಿಯುತ್ತದೆ. ಚರ್ಮದ ಚೀಲದ ನೀರಿನ ಪರೀಕ್ಷೆಯೇ ಇದು. ಹಿಂದೆ ಒಂದು ಬೆರಳು ಒತ್ತಿ ಇನ್ನೊಂದು ಬೆರಳು ಅರಿಯುತ್ತಿದ್ದುದನ್ನು ಈಗ ಕೈಯೊತ್ತಿ ಕಣ್ಣು ಕಾಣುತ್ತದೆ. ಆಳದಲ್ಲಿದ್ದ ಕೀವು ಎರಡನೆಯ ಬೆರಳಿಗೆ ಸಿಕ್ಕುತ್ತಿರಲಿಲ್ಲ, ಪ್ರತಿಧ್ವನಿಗೆ ಸಿಕ್ಕುತ್ತದೆ. ಪರೀಕ್ಷೆಯ ತರ್ಕವು ಹಳೆಯದು, ಅದು ತಲಪುವ ಆಳವು ಹೊಸದು. ಮೊದಲಿನ ಪಕ್ಷಕ್ಕೂ ಎರಡನೆಯ ಪಕ್ಷಕ್ಕೂ ಇದೊಂದೇ ಉತ್ತರ ಸಾಕು.

ಎರಡು ಅಪರಾಧಗಳೆಂದು ಸಂಹಿತೆ ಹೇಳಿದುದು ಈ ಕಾಲದಲ್ಲಿಯೂ ತಪ್ಪಿಲ್ಲವೆಂಬುದಕ್ಕೆ ಪ್ರಮಾಣವುಂಟು. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚರ್ಮದ ಶೋಥದಿಂದ ತುರ್ತುಚಿಕಿತ್ಸೆಗೆ ಬಂದ 126 ಮಂದಿಯನ್ನು ವೈದ್ಯರು ಮೊದಲು ಕೈಯಿಂದಲೂ ಕಣ್ಣಿನಿಂದಲೂ ಪರೀಕ್ಷಿಸಿ ನಿರ್ಧಾರಮಾಡಿ, ಆಮೇಲೆ ಶ್ರವಣಾತೀತ ಧ್ವನಿಯಿಂದ ನೋಡಿದರು. 71 ಮಂದಿಯ ವಿಷಯದಲ್ಲಿ ಚಿಕಿತ್ಸೆಯ ನಿರ್ಧಾರವು ಮಾರ್ಪಟ್ಟಿತು. ಕೊಯ್ಯಬೇಕಾಗಿಲ್ಲವೆಂದಿದ್ದವರಲ್ಲಿ ಕೆಲವರಿಗೆ ಕೀವು ಇದ್ದಿತು. ಕೊಯ್ಯಬೇಕೆಂದಿದ್ದವರಲ್ಲಿ ಕೆಲವರಿಗೆ ಕೊಯ್ಯತಕ್ಕದ್ದೇನೂ ಇರಲಿಲ್ಲ. ನುರಿತ ವೈದ್ಯರ ಕೈಗಳಲ್ಲಿಯೂ ಆಮಪಕ್ವಮೋಹವು ಎರಡೂ ಮುಖದಿಂದ ಸಂಭವಿಸುತ್ತದೆಂದಾಯಿತು.

ಚರ್ಮದ ಪದರಗಳ ವಿಷಯವೂ ಇಲ್ಲಿಗೆ ಸಂಬಂಧಿಸಿದುದೇ. ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಅವಭಾಸಿನೀ, ಲೋಹಿತಾ, ಶ್ವೇತಾ, ತಾಮ್ರಾ, ವೇದಿನೀ, ರೋಹಿಣೀ, ಮಾಂಸಧರಾ ಎಂದು ಏಳು ತ್ವಚೆಗಳನ್ನು ಎಣಿಸಿ, ಒಂದೊಂದರ ದಪ್ಪವನ್ನು ಬತ್ತದ ಕಾಳಿನ ಅಳತೆಯಿಂದ ಹೇಳಿದೆ: ಮೊದಲನೆಯದು ಕಾಳಿನ 18ನೆಯ ಒಂದು ಪಾಲು, ಕಡೆಯದು ಎರಡು ಕಾಳು. ಈ ಅಳತೆಯು ಮಾಂಸಲವಾದ ಅವಯವಗಳಿಗೆ ಮಾತ್ರ, ಹಣೆಗೂ ತೆಳ್ಳನೆಯ ಬೆರಳುಗಳಿಗೂ ಅನ್ವಯಿಸದೆಂಬ ಎಚ್ಚರಿಕೆಯೂ ಅಲ್ಲಿದೆ. ಇಂದಿನ ಅಳತೆಗಳೊಡನೆ ಇದನ್ನು ಒತ್ತಾಯದಿಂದ ಸರಿಗೂಡಿಸುವುದು ಪಾಂಡಿತ್ಯವಲ್ಲ. ಚರಕನು ತ್ವಚೆಗಳನ್ನು ಆರೆಂದೇ ಎಣಿಸಿರುವುದು ಆ ಉತ್ಸಾಹವನ್ನು ತಡೆಯಬೇಕು. ಗಣನೀಯವಾದುದು ಬೇರೆ. ಐದನೆಯ ವೇದಿನಿಯಲ್ಲಿ ವಿಸರ್ಪ, ಆರನೆಯ ರೋಹಿಣಿಯಲ್ಲಿ ಗ್ರಂಥಿ ಶ್ಲೀಪದಾದಿಗಳು, ಏಳನೆಯ ಮಾಂಸಧರೆಯಲ್ಲಿ ವಿದ್ರಧಿ ಭಗಂದರಗಳು ಎಂದು ರೋಗಕ್ಕೆ ಆಳವನ್ನು ಗೊತ್ತುಮಾಡಿರುವುದೇ ಆ ಮಾತು. ಯಾವ ರೋಗವೆಂದು ಕೇಳುವಾಗ ಯಾವ ಪದರದಲ್ಲಿ ಎಂದೂ ಕೇಳಬೇಕೆಂಬ ಈ ಕ್ರಮವನ್ನೇ ಶ್ರವಣಾತೀತ ಧ್ವನಿಯ ಪರೀಕ್ಷಕನೂ ಅನುಸರಿಸುತ್ತಾನೆ.

ಇನ್ನು ಪ್ರಮಾಣವಿಚಾರ. ತೆರೆಯ ಮೇಲೆ ಕಂಡುದನ್ನು ಜನರು ಪ್ರತ್ಯಕ್ಷವೆಂದು ನಂಬುವರು. ಅದು ಪ್ರತ್ಯಕ್ಷವಲ್ಲ, ಅನುಮಾನ. ಪ್ರತಿಧ್ವನಿಯೆಂಬ ಲಿಂಗದಿಂದ, ವೇಗವು ಇಷ್ಟೇ ಎಂಬ ವ್ಯಾಪ್ತಿಯನ್ನು ಹಿಡಿದು, ಒಳಗಣ ರೂಪವನ್ನು ಊಹಿಸಿ ಬರೆದ ಚಿತ್ರವದು. ಆದುದರಿಂದ ಹೇತ್ವಾಭಾಸಗಳು ಅಲ್ಲಿಯೂ ಕಾದಿರುತ್ತವೆ. ಗುಂಡುಕಲ್ಲಿನ ಹಾಸಿನಂತಹ ನೋಟವು ಸೆಲ್ಯುಲೈಟಿಸಿನಲ್ಲಿರುವಂತೆಯೇ ಹೃದಯದೌರ್ಬಲ್ಯದಿಂದ ಕಾಲಿಗೆ ನೀರು ಇಳಿದವರಲ್ಲಿಯೂ ಇರುವುದು. ಸಂಹಿತೆಯ ನಾಲ್ಕು ಚಿಹ್ನೆಗಳಿಗೆ ಹೇಳಿದ ದೋಷವೇ ಯಂತ್ರದ ಈ ಚಿಹ್ನೆಗೂ ತಗಲುವುದು. ಬಿಸಿ, ನೋವು, ಜ್ವರ, ರಕ್ತದ ಹರಿವು ಇವುಗಳನ್ನು ಕೂಡಿಸಿ ನೋಡಿದಲ್ಲದೆ ನಿರ್ಣಯವಿಲ್ಲ. ಮಾಂಸವನ್ನು ಬೇಗಬೇಗನೆ ಕೊಲ್ಲುವ ತೀವ್ರ ಸೋಂಕಿನ ಶಂಕೆಯಿದ್ದಾಗಲಂತೂ ಚಿತ್ರವು ಸರಿಯಾಗಿ ತೋರಿತೆಂದು ಶಸ್ತ್ರಕ್ರಿಯೆಯನ್ನು ತಡೆದರೆ ರೋಗಿಯ ಪ್ರಾಣಕ್ಕೇ ಅಪಾಯ. ಐದು ಇಂದ್ರಿಯಗಳಿಂದಲೂ ಪ್ರಶ್ನೆಯಿಂದಲೂ ರೋಗವನ್ನು ಅರಿಯಬೇಕೆಂದು ಸೂತ್ರಸ್ಥಾನದ ಹತ್ತನೆಯ ಅಧ್ಯಾಯವು ಹೇಳಿದುದು ಯಂತ್ರವು ಬಂದಮೇಲೆ ರದ್ದಾಗಲಿಲ್ಲ.

ಒಮ್ಮೆ ನೋಡುವುದಕ್ಕಿಂತ ಮತ್ತೆ ಮತ್ತೆ ನೋಡುವುದರಲ್ಲಿ ಈ ಪದ್ಧತಿಯ ಮುಖ್ಯ ಪ್ರಯೋಜನವಿದೆ. ಸೋರಿಯಾಸಿಸಿನಲ್ಲಿ ಮೇಲ್ಚರ್ಮದ ಕೆಳಗೆ ಕಪ್ಪು ಪಟ್ಟಿಯೊಂದು ತೋರುವುದು. ಚಿಕಿತ್ಸೆಯು ಫಲಿಸಿದಂತೆಲ್ಲ ಅದು ತೆಳುವಾಗುವುದು. ಕಂಕುಳಲ್ಲಿಯೂ ತೊಡೆಸಂದಿಯಲ್ಲಿಯೂ ಮರಳಿ ಮರಳಿ ಏಳುವ ಹೈಡ್ರಾಡೆನೈಟಿಸ್ ಎಂಬ ರೋಗದಲ್ಲಿ ಕಣ್ಣಿಗೆ ತೋರದ ನಾಳಗಳು ಚರ್ಮದಡಿಯಲ್ಲಿ ಹರಿದಿರುವುವು. 2013ರಲ್ಲಿ ಚಿಲಿ ದೇಶದ ವರ್ಟ್ಸ್‌ಮನ್ ಎಂಬ ವಿದುಷಿಯೂ ಜೊತೆಯವರೂ ಅವುಗಳನ್ನು ಶ್ರವಣಾತೀತ ಧ್ವನಿಯಿಂದ ಕಂಡು ರೋಗಕ್ಕೆ ಮೂರು ಹಂತಗಳನ್ನು ಗೊತ್ತುಮಾಡಿದರು. ನಾಡೀವ್ರಣವೆಂಬ ಹಳೆಯ ಹೆಸರಿಗೆ ಇಷ್ಟು ಸ್ಪಷ್ಟವಾದ ಚಿತ್ರವು ಹಿಂದೆಂದೂ ದೊರೆತಿರಲಿಲ್ಲ. ಒಳಗೆ ದೋಷವಿರುವ ವ್ರಣವನ್ನು ಆತುರದಿಂದ ಮುಚ್ಚಿಸಬಾರದು, ಮುಚ್ಚಿಸಿದರೆ ಅದು ಒಳಗೆ ಕುಳಿಮಾಡಿಕೊಂಡು ಅಲ್ಪ ಅಪಥ್ಯಕ್ಕೂ ಮತ್ತೆ ಕೆರಳುವುದೆಂದು ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಹೇಳಿದೆ. ಹೊರಗೆ ಆರಿದುದು ಒಳಗೂ ಆರಿದೆಯೇ ಎಂಬ ಆ ಶಂಕೆಯೇ ಇಂದಿನ ಪುನಃಪರೀಕ್ಷೆಗೆ ಕಾರಣವಾಗಿದೆ.

ಈ ವಿಚಾರವು ಪುಸ್ತಕದ ಮನೆಯಲ್ಲಿಯೇ ಉಳಿಯತಕ್ಕದ್ದಲ್ಲವೆಂಬುದಕ್ಕೆ ರನ್ನನ ಜನ್ಮಭೂಮಿಯಾದ ಮುಧೋಳದ ಸೀಮೆಗೆ ಸೇರಿದ ಲೋಕಾಪುರದಂತಹ ಊರನ್ನು ನೋಡಬೇಕು. ಕಬ್ಬಿನ ನಾಡಿದು. ರವದಿಯ ಅಲಗು ಕಾಲನ್ನು ಗೀರುವುದು, ಜಾಲಿಯ ಮುಳ್ಳು ಅಂಗಾಲಿಗೆ ನೆಟ್ಟು ಒಳಗೇ ಮುರಿಯುವುದು, ನಾಲ್ಕು ದಿನಕ್ಕೆ ಬಾವೇಳುವುದು ಒಕ್ಕಲಿಗನ ಬಾಳಿನಲ್ಲಿ ಹೊಸ ಸಂಗತಿಯಲ್ಲ. ಕಟ್ಟಿಗೆಯ ಮುಳ್ಳು ಸಾಮಾನ್ಯವಾಗಿ ಎಕ್ಸ್‌ರೇ ಚಿತ್ರದಲ್ಲಿ ತೋರದು. ಶ್ರವಣಾತೀತ ಧ್ವನಿಯಲ್ಲಿ ತೋರುವುದು. ಕಾಣದ ಶಲ್ಯವನ್ನು ಹುಡುಕಲು ಸುಶ್ರುತನು ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ, ಹೆಪ್ಪುಗಟ್ಟಿದ ತುಪ್ಪವನ್ನೋ ಮಣ್ಣು ಗಂಧಗಳ ಲೇಪವನ್ನೋ ಹಚ್ಚಿ, ತುಪ್ಪವು ಬೇಗ ಕರಗುವ ಅಥವಾ ಲೇಪವು ಬೇಗ ಒಣಗುವ ಸ್ಥಳದಲ್ಲಿ ಶಲ್ಯವಿದೆಯೆಂದು ತಿಳಿಯಬೇಕೆಂದನು. ಶೋಥದ ಬಿಸಿಯನ್ನೇ ಲಿಂಗವಾಗಿ ಹಿಡಿದ ಬುದ್ಧಿವಂತಿಕೆಯದು. ಆದರೆ ಆಳಕ್ಕಿಳಿದು ತಣ್ಣಗಾದ ಮುಳ್ಳು ಅದಕ್ಕೂ ಸಿಕ್ಕದು.

ಆ ಸೀಮೆಯ ಜನರ ಬಾಯಲ್ಲಿ ಬಾವು, ಕುರ, ಗಂಟು, ಕೀವು, ನಂಜು ಎಂಬ ಬೇರೆಬೇರೆ ಮಾತುಗಳಿವೆ. ಕುರವು ಹಣ್ಣಾಯಿತೆಂಬ ಮಾತೂ ಇದೆ. ಪಕ್ವಶಬ್ದದ ಹಿಂದಿರುವ ರೂಪಕವೇ ಈ ದೇಶೀ ಮಾತಿನಲ್ಲಿಯೂ ಇರುವುದು. ಹೀಗಿರಲು ವೈದ್ಯವನ್ನು ಕನ್ನಡದಲ್ಲಿ ಬರೆಯುವವರು ಸೆಲ್ಯುಲೈಟಿಸಿಗೂ ವಿದ್ರಧಿಗೂ ನಾಡೀವ್ರಣಕ್ಕೂ ಸೋಂಕು ಎಂಬ ಒಂದೇ ಮಾತನ್ನು ಹಚ್ಚಿದರೆ ಇದ್ದ ವಿವೇಕವೂ ಅಳಿಯುವುದು. ವಿಸರ್ಪವನ್ನು ಸರ್ಪಸುತ್ತೆಂದು ತಿಳಿಯುವುದು ಇನ್ನೊಂದು ಪ್ರಮಾದ. ಎಲ್ಲ ಕಡೆಗೂ ಹರಿಯುವುದರಿಂದ ಅದು ವಿಸರ್ಪ, ಹಾವಿಗೂ ಅದಕ್ಕೂ ಸಂಬಂಧವಿಲ್ಲ. ಸರ್ಪಸುತ್ತು ನರವನ್ನು ಹಿಡಿದು ಬರುವ ಬೇರೆಯ ರೋಗ. ಹರಡಿದ ಶೋಥಕ್ಕೆ ಔಷಧವು ಮುಖ್ಯ, ಕೂಡಿದ ಕೀವಿಗೆ ಸಾಮಾನ್ಯವಾಗಿ ಶಸ್ತ್ರವು ಮುಖ್ಯ. ಎರಡಕ್ಕೂ ಒಂದೇ ಹೆಸರನ್ನು ಕೇಳಿದ ರೋಗಿಯು ತನಗೆ ಕೊಯ್ಲು ಏಕೆ, ಪಕ್ಕದ ಮನೆಯವನಿಗೆ ಬರಿಯ ಗುಳಿಗೆ ಏಕೆ ಎಂದು ತಿಳಿಯದೆ ಒಂದೋ ಹೆದರಿ ಓಡುವನು, ಇಲ್ಲವೇ ತಡಮಾಡುವನು. ಶಬ್ದಸಂಕರವು ದೇಹಕ್ಕೆ ಮುಟ್ಟುವ ಬಗೆ ಇದು.

ಕನ್ನಡಕ್ಕೆ ಈ ಕೆಲಸವು ಹೊಸದಲ್ಲ. ಚಾಲುಕ್ಯ ವಂಶದ ಕೀರ್ತಿವರ್ಮನು ಗೋವೈದ್ಯವನ್ನೂ, ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನೂ 12ನೆಯ ಶತಮಾನದಲ್ಲಿ, ಮಂಗರಾಜನು ಖಗೇಂದ್ರಮಣಿದರ್ಪಣವನ್ನು 14ನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ರಚಿಸಿದರು. ಇವುಗಳನ್ನು ಕವಿಚರಿತೆಯ ಹೆಸರುಗಳನ್ನಾಗಿ ಮಾತ್ರ ಕಲಿಸದೆ, ಲಕ್ಷಣವನ್ನು ಹೇಳುವ ಗದ್ಯಪದ್ಯಗಳ ಬಿಗಿಯನ್ನೂ ಸಡಿಲನ್ನೂ ತೋರಿಸಿ ಕಲಿಸುವುದು ಸಾಹಿತ್ಯದ ಉಪಾಧ್ಯಾಯರಿಗೆ ಸಾಧ್ಯವಿದೆ. ಆಮಶೋಫದ ಚಿಹ್ನೆಗಳನ್ನೂ ಗಂಭೀರ ಪಕ್ವದ ಚಿಹ್ನೆಗಳನ್ನೂ ಎರಡು ಸಾಲಾಗಿ ಬರೆಸಿ ಹೋಲಿಸಿದರೆ, ಶಾಸ್ತ್ರವಾಕ್ಯವನ್ನು ಗೌರವದಿಂದಲೇ ಪರೀಕ್ಷಿಸುವುದು ಹೇಗೆಂಬುದು ವಿದ್ಯಾರ್ಥಿಗೆ ಒಂದೇ ಪಾಠದಲ್ಲಿ ತಿಳಿಯುವುದು.

ಯಂತ್ರವು ಎಲ್ಲ ಊರಿಗೂ ಸುಲಭವಾಗಿ ಬರುವುದೆಂದು ಭಾವಿಸಲಾಗದು. ಗರ್ಭಸ್ಥ ಶಿಶುವಿನ ಲಿಂಗಪತ್ತೆಯನ್ನು ತಡೆಯಲು ಭಾರತದಲ್ಲಿ 1994ರಲ್ಲಿ ಆದ ಶಾಸನವು ಇಂತಹ ಯಂತ್ರಗಳನ್ನಿಡುವ ಸ್ಥಳಗಳಿಗೆ ನೋಂದಣಿಯನ್ನು ವಿಧಿಸಿದೆ. ಆ ನಿರ್ಬಂಧಕ್ಕೆ ತಕ್ಕ ಕಾರಣವೂ ಇದೆ. ಸಣ್ಣ ಊರಿನ ವೈದ್ಯನಿಗೆ ಮೊದಲ ಸಾಧನವು ಅವನ ಬೆರಳು, ಕಣ್ಣು, ಪ್ರಶ್ನೆಗಳೇ ಆಗಿ ಉಳಿಯುವುವು. ಆದಕಾರಣ ಯಾವ ಬಾವನ್ನು ಅಲ್ಲಿಯೇ ನಿರ್ಣಯಿಸಬಹುದು, ಯಾವುದನ್ನು ತಡೆಯದೆ ಪರೀಕ್ಷೆಗೆ ಕಳುಹಿಸಬೇಕು ಎಂಬ ವಿವೇಕವು ಹಿಂದಿಗಿಂತಲೂ ಈಗ ಹೆಚ್ಚು ಬೇಕಾಗಿದೆ. ಬಣ್ಣ ಬದಲಾಗದೆ, ತಣ್ಣಗೆ, ನೋವು ಇಳಿದು, ಕಲ್ಲಿನಂತೆ ಗಟ್ಟಿಯಾಗಿ, ಹಿಂದಿನ ದಿನಗಳಲ್ಲಿ ವೇದನೆಯನ್ನು ದಾಟಿಬಂದ ಬಾವನ್ನು ಕಂಡಾಗ ಅದನ್ನು ಆಮವೆಂದು ಬಿಡಬಾರದು. ಇಷ್ಟನ್ನು 17ನೆಯ ಅಧ್ಯಾಯವು ಈಗಲೂ ಕಲಿಸಬಲ್ಲದು. ಅಲ್ಲಿಂದ ಮುಂದಣ ನಿರ್ಣಯವು ಪ್ರತಿಧ್ವನಿಗೆ ಸೇರಿದುದು.